ಒಂದು ಕೋಣೆಯಿಂದ ದೊಡ್ಡ ಮನೆಗೆ: ತಾರಾಚಂದ್ ಬರ್ಜಾತ್ಯಾ ಕಟ್ಟಿದ ರಾಜಶ್ರೀ

ಸಿನಿಮಾದ ಬಗ್ಗೆ ಬರೆಯುವಾಗ ನಾವು ಸಾಮಾನ್ಯವಾಗಿ ನಿರ್ದೇಶಕರ ಹೆಸರು ಹಿಡಿದು ಮಾತಾಡುತ್ತೇವೆ. ನಟರ ಬಗ್ಗೆ ಅಭಿಮಾನಿಗಳು ಬರೆಯುತ್ತಾರೆ, ಹಾಡುಗಳ ಬಗ್ಗೆ ಕೇಳುಗರು ಬರೆಯುತ್ತಾರೆ. ನಿರ್ಮಾಪಕನ ಹೆಸರು ಬರುವುದು ಹಣದ ಮಾತು ಬಂದಾಗ ಮಾತ್ರ. ಸಾಹಿತ್ಯದಲ್ಲಿ ಪ್ರಕಾಶಕರಿಗೆ, ಪತ್ರಿಕೆಗಳ ಸಂಪಾದಕರಿಗೆ ಆಗುವುದೂ ಹೆಚ್ಚುಕಡಿಮೆ ಇದೇ. ಆದರೆ ಒಬ್ಬ ಸಂಪಾದಕ ಇಪ್ಪತ್ತು ಮೂವತ್ತು ವರ್ಷ ಎಂಥ ಕಥೆಗಳನ್ನು ಆರಿಸಿದ, ಯಾರ ಕೈಗೆ ಬರೆಯಲು ಕೊಟ್ಟ ಎಂಬುದನ್ನು ಒಟ್ಟಿಗೆ ಇಟ್ಟು ನೋಡಿದರೆ ಅಲ್ಲೊಂದು ದೃಷ್ಟಿ ಕಾಣತೊಡಗುತ್ತದೆ. ಹಿಂದಿ ಚಿತ್ರರಂಗದ ತಾರಾಚಂದ್ ಬರ್ಜಾತ್ಯಾ ಅವರನ್ನು ನಾನು ಹೀಗೆ, ಒಬ್ಬ ಸಂಪಾದಕರನ್ನು ಓದುವ ಹಾಗೆ, ಓದಲು ನೋಡುತ್ತಿದ್ದೇನೆ.

'ರಾಜಶ್ರೀ' ಎಂದೊಡನೆ ಇವತ್ತಿನ ಬಹುಪಾಲು ಪ್ರೇಕ್ಷಕರಿಗೆ ನೆನಪಾಗುವುದು 'ಹಮ್ ಆಪ್ಕೆ ಹೈ ಕೌನ್'. ನಿಶ್ಚಿತಾರ್ಥ, ಮದುವೆ, ಸೀಮಂತ, ಹೆಜ್ಜೆಗೊಂದು ಹಾಡು, ಹಿರಿಯರ ಕಾಲಿಗೆರಗುವ ಮಕ್ಕಳು. ಹಾಗಾಗಿ 'ಇದು ರಾಜಶ್ರೀ ಸಿನಿಮಾ ಇದ್ದಹಾಗಿದೆ' ಎಂಬ ಮಾತು ಕೆಲವರ ಬಾಯಲ್ಲಿ ಹೊಗಳಿಕೆ, ಕೆಲವರ ಬಾಯಲ್ಲಿ ಗೇಲಿ. ಹೊಗಳುವವರೂ ಗೇಲಿ ಮಾಡುವವರೂ ಒಂದು ವಿಷಯವನ್ನು ಮರೆಯುತ್ತಾರೆ ಎಂದು ನನಗನ್ನಿಸುತ್ತದೆ. ತಾರಾಚಂದ್ ಅವರ ಕಾಲದ ಒಳ್ಳೆಯ ಚಿತ್ರಗಳಲ್ಲಿ ಮನೆ ಚಿಕ್ಕದು, ದುಡ್ಡು ಕಡಿಮೆ. ಆ ಕೊರತೆಯಿಂದಲೇ ಕಥೆ ಹುಟ್ಟುತ್ತಿತ್ತು. ಕುಟುಂಬವೊಂದು ಉಳಿಯಬೇಕಾದರೆ ಅದರ ಬೆಲೆಯನ್ನು ಯಾರು ತೆರುತ್ತಾರೆ ಎಂಬ ಲೆಕ್ಕ ಅಲ್ಲಿರುತ್ತಿತ್ತು. ಸಂಸ್ಥೆ ಶ್ರೀಮಂತವಾದ ಹಾಗೆ ತೆರೆಯ ಮೇಲಿನ ಮನೆಯೂ ದೊಡ್ಡದಾಯಿತು, ಲೆಕ್ಕ ಕಾಣೆಯಾಯಿತು. ಈ ಪಯಣವನ್ನು ಸ್ವಲ್ಪ ವಿವರವಾಗಿ ನೋಡೋಣ.

ತಾರಾಚಂದ್ ಹುಟ್ಟಿದ್ದು 1914ರಲ್ಲಿ, ರಾಜಸ್ಥಾನದ ಕುಚಾಮನ್‌ನಲ್ಲಿ. 1933ರಲ್ಲಿ ಮುಂಬಯಿಗೆ ಬಂದು ಮೋತಿ ಮಹಲ್ ಥಿಯೇಟರ್ಸ್ ಎಂಬ ಚಿತ್ರ ವಿತರಣಾ ಸಂಸ್ಥೆಯಲ್ಲಿ ಸಂಬಳವಿಲ್ಲದ ಅಪ್ರೆಂಟಿಸ್ ಆಗಿ ಸೇರಿದರು. 1947ರ ಆಗಸ್ಟ್ 15ರಂದು ತಮ್ಮದೇ ವಿತರಣಾ ಸಂಸ್ಥೆಯಾಗಿ ರಾಜಶ್ರೀ ಪಿಕ್ಚರ್ಸ್ ಆರಂಭಿಸಿದರು. ಅವರು ಮೊದಲ ಚಿತ್ರ ನಿರ್ಮಿಸಿದ್ದು 1962ರಲ್ಲಿ: ಫಣಿ ಮಜುಂದಾರ್ ನಿರ್ದೇಶನದ, ಮೀನಾ ಕುಮಾರಿ, ಅಶೋಕ್ ಕುಮಾರ್, ಪ್ರದೀಪ್ ಕುಮಾರ್ ನಟಿಸಿದ 'ಆರತಿ'. ಅಂದರೆ ನಿರ್ಮಾಪಕರಾಗುವ ಮೊದಲು ಅವರು ಮೂರು ದಶಕಗಳ ಹತ್ತಿರ ಬೇರೆಯವರ ಚಿತ್ರಗಳನ್ನು ಊರೂರಿಗೆ ತಲುಪಿಸುವ ಕೆಲಸ ಮಾಡಿದ್ದರು.

ಈ ಹಿನ್ನೆಲೆ ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. ಸ್ಟುಡಿಯೋದಿಂದ ಬಂದ ನಿರ್ಮಾಪಕನಿಗೆ ಚಿತ್ರವೆಂದರೆ ಸೆಟ್ಟು, ಕ್ಯಾಮೆರಾ, ನಟನ ಕಾಲ್‌ಶೀಟು. ವಿತರಕನಿಗೆ ಚಿತ್ರವೆಂದರೆ ಡಬ್ಬದಲ್ಲಿ ಹೋದ ರೀಲು, ಚಿಕ್ಕ ಊರಿನ ಟಾಕೀಸು, ಎಷ್ಟು ವಾರ ಓಡಿತು ಎಂಬ ಕಾಗದ. ದೊಡ್ಡ ನಟನಿದ್ದೂ ಎರಡನೇ ವಾರಕ್ಕೆ ಮಖಾಡೆ ಮಲಗಿದ ಚಿತ್ರ ಯಾವುದು, ಹೆಸರೇ ಇಲ್ಲದವರು ನಟಿಸಿದ್ದರೂ ಹೆಂಗಸರು ಮಕ್ಕಳನ್ನು ಕರೆದುಕೊಂಡು ಬಂದ ಚಿತ್ರ ಯಾವುದು ಎಂಬುದು ಅವನಿಗೆ ಮೊದಲು ಗೊತ್ತಾಗುತ್ತದೆ. ತಾರಾಚಂದ್ ಅವರ ಕಲಾದೃಷ್ಟಿ ಎಂದು ನಾವು ಕರೆಯಬಹುದಾದದ್ದು ಈ ಅನುಭವದಿಂದ ಬಂತು. ತಾರೆಗಿಂತ ಕಥೆಯನ್ನು ನಂಬು, ಖರ್ಚು ಹಿಡಿತದಲ್ಲಿರಲಿ, ಹಾಡು ಚೆನ್ನಾಗಿರಲಿ, ಇಡೀ ಮನೆಯವರು ಒಟ್ಟಿಗೆ ಕೂತು ನೋಡುವಂತಿರಲಿ. ಇವು ವ್ಯಾಪಾರದ ನಿಯಮಗಳು. ಆದರೆ ಈ ನಿಯಮಗಳೇ ಅವರನ್ನು ಬೇರೆಯವರು ಮುಟ್ಟದ ಕಥೆಗಳ ಹತ್ತಿರ ಕರೆದೊಯ್ದವು.

ಎರಡನೆಯ ಚಿತ್ರವೇ ಇದಕ್ಕೆ ಸಾಕ್ಷಿ. 1964ರ 'ದೋಸ್ತಿ'ಯಲ್ಲಿ ನಾಯಕಿಯಿಲ್ಲ, ತಾರೆಗಳಿಲ್ಲ. 'ಲಾಲು-ಭುಲು' ಎಂಬ ಬಂಗಾಳಿ ಚಿತ್ರದ ಕಥೆಯನ್ನು ಸತ್ಯೇನ್ ಬೋಸ್ ಹಿಂದಿಯಲ್ಲಿ ನಿರ್ದೇಶಿಸಿದರು. ಒಬ್ಬ ಕುಂಟ ಹುಡುಗ, ಒಬ್ಬ ಕುರುಡ ಹುಡುಗ. ಒಬ್ಬ ಮೌತ್ ಆರ್ಗನ್ ಊದುತ್ತಾನೆ, ಇನ್ನೊಬ್ಬ ಹಾಡುತ್ತಾನೆ. ಮುಂಬಯಿಯ ಬೀದಿಗಳಲ್ಲಿ ಹಾಡಿ ಬಂದ ಚಿಲ್ಲರೆಯಲ್ಲಿ ಒಬ್ಬ ಇನ್ನೊಬ್ಬನ ಓದಿಗೆ ನೆರವಾಗುತ್ತಾನೆ. ಅದೇ ವರ್ಷ ರಾಜ್ ಕಪೂರ್ ಅವರ 'ಸಂಗಂ' ಬಣ್ಣದಲ್ಲಿ, ಯುರೋಪಿನ ದೃಶ್ಯಗಳೊಂದಿಗೆ ಬಂದಿತ್ತು. ಅದೂ ಸ್ನೇಹದ ಕಥೆಯೇ. ಆ ವರ್ಷದ ಅತ್ಯುತ್ತಮ ಚಿತ್ರ ಎಂಬ ಫಿಲ್ಮ್‌ಫೇರ್ ಪ್ರಶಸ್ತಿ ಹೋಗಿದ್ದು ಮಾತ್ರ ಕಪ್ಪು ಬಿಳುಪಿನ 'ದೋಸ್ತಿ'ಗೆ. ಹೊಸಬರಾಗಿದ್ದ ಲಕ್ಷ್ಮೀಕಾಂತ್–ಪ್ಯಾರೇಲಾಲ್ ಶಂಕರ್–ಜೈಕಿಶನ್ ಅವರನ್ನು ಹಿಂದೆ ಹಾಕಿ ತಮ್ಮ ಮೊದಲ ಫಿಲ್ಮ್‌ಫೇರ್ ಪಡೆದರು. 'ದೋಸ್ತಿ' ಇವತ್ತು ನೋಡಿದರೆ ಕಣ್ಣೀರನ್ನು ಸ್ವಲ್ಪ ಧಾರಾಳವಾಗಿಯೇ ಸುರಿಸುವ ಚಿತ್ರ ಎನಿಸುತ್ತದೆ. ಆದರೂ ಅದರಲ್ಲಿ ರಕ್ತಸಂಬಂಧವಿಲ್ಲದ ಇಬ್ಬರು ಒಬ್ಬರಿಗೊಬ್ಬರು ಮನೆಯಾಗುತ್ತಾರೆ ಎಂಬುದನ್ನು ಗಮನಿಸಬೇಕು. ರಾಜಶ್ರೀಯ ಕುಟುಂಬ ಕಥನ ಶುರುವಾದದ್ದು ಮನೆ ಕಳೆದುಕೊಂಡವರಿಂದ.

ಸಾಹಿತ್ಯದ ವಿದ್ಯಾರ್ಥಿಗಳಿಗೆ ಆಸಕ್ತಿ ಹುಟ್ಟಿಸಬೇಕಾದ ಭಾಗ ಇನ್ನು ಮುಂದಿನದು. 1970ರ ದಶಕದ ಮತ್ತು ಅದರ ನಂತರದ ರಾಜಶ್ರೀ ಚಿತ್ರಗಳ ಕಥೆಗಳು ಎಲ್ಲಿಂದ ಬಂದವು ನೋಡಿ. 'ಉಪಹಾರ್' (1971) ಟ್ಯಾಗೋರರ 'ಸಮಾಪ್ತಿ'ಯಿಂದ. 'ಪಿಯಾ ಕಾ ಘರ್' (1972) ಮರಾಠಿಯ 'ಮುಂಬೈಚಾ ಜಾವಈ' ಚಿತ್ರದಿಂದ. 'ಸೌದಾಗರ್' (1973) ನರೇಂದ್ರನಾಥ ಮಿತ್ರರ 'ರಸ್' ಕಥೆಯಿಂದ. 'ಚಿತ್‌ಚೋರ್' (1976) ಸುಬೋಧ್ ಘೋಷರ ಕಥೆಯಿಂದ. 'ನದಿಯಾ ಕೇ ಪಾರ್' (1982) ಕೇಶವ ಪ್ರಸಾದ ಮಿಶ್ರರ 'ಕೋಹಬರ್ ಕೀ ಶರ್ತ್' ಎಂಬ ಹಿಂದಿ ಕಾದಂಬರಿಯಿಂದ. ನಿರ್ದೇಶಕರು ಬೇರೆ ಬೇರೆ: ಸುಧೇಂದು ರಾಯ್, ಬಾಸು ಚಟರ್ಜಿ, ಹಿರೇನ್ ನಾಗ್, ಅನಿಲ್ ಗಂಗೂಲಿ, ಲೇಖ್ ಟಂಡನ್, ಗೋವಿಂದ ಮೂನಿಸ್. ಆದರೂ ಈ ಚಿತ್ರಗಳನ್ನು ಸಾಲಾಗಿ ನೋಡಿದಾಗ ಒಂದೇ ಮನೆಯವೆಂದು ಗುರುತು ಸಿಗುತ್ತದೆ. ನಾನು ಆರಂಭದಲ್ಲಿ ಸಂಪಾದಕ ಎಂಬ ಪದ ಬಳಸಿದ್ದು ಇದೇ ಕಾರಣಕ್ಕೆ.

ಈ ಪಟ್ಟಿಯಲ್ಲಿ ಎರಡು ಚಿತ್ರಗಳ ಬಗ್ಗೆ ನಿಂತು ಮಾತಾಡಬೇಕು. ಮೊದಲನೆಯದು 'ಪಿಯಾ ಕಾ ಘರ್'. ಹಳ್ಳಿಯ ವಿಶಾಲವಾದ ಮನೆಯಲ್ಲಿ ಬೆಳೆದ ಮಾಲತಿ (ಜಯಾ ಭಾದುರಿ) ಮದುವೆಯಾಗಿ ಮುಂಬಯಿಯ ಚಾಳ್ ಒಂದಕ್ಕೆ ಬರುತ್ತಾಳೆ. ಅತ್ತೆ, ಮಾವ, ಭಾವ, ಓರಗಿತ್ತಿ ಎಲ್ಲರೂ ಇರುವ ಪುಟ್ಟ ಜಾಗ. ಹೊಸ ದಂಪತಿಗೆ ಸಿಕ್ಕಿದ್ದು ಅಡುಗೆಮನೆ. ಬಾಸು ಚಟರ್ಜಿ ಇದನ್ನು ನಗುನಗುತ್ತಲೇ ತೋರಿಸುತ್ತಾರೆ, ಆದರೆ ನಗುವಿನ ಅಡಿಯಲ್ಲಿರುವ ಪ್ರಶ್ನೆ ಸಣ್ಣದಲ್ಲ. ಗಂಡ ಹೆಂಡತಿ ಎರಡು ಮಾತಾಡಲು ಬಾಗಿಲಿರುವ ಒಂದು ಕೋಣೆ ಬೇಕಲ್ಲ? ಮನೆಯವರೆಲ್ಲ ಒಳ್ಳೆಯವರೇ. ಇಲ್ಲಿ ಖಳನಾಯಕ ಎಂದು ಯಾರನ್ನಾದರೂ ಕರೆಯುವುದಾದರೆ ಅದು ಗೋಡೆಗಳ ನಡುವಿನ ಅಳತೆ. ಹಿಂದಿ ಸಿನಿಮಾದಲ್ಲಿ ಪ್ರೇಮದ ಅಡ್ಡಿಗಳೆಂದರೆ ಜಾತಿ, ಅಂತಸ್ತು, ತಂದೆಯ ಹಠ ಎಂದಿದ್ದ ಕಾಲದಲ್ಲಿ ಚದರಡಿಯೂ ಒಂದು ಅಡ್ಡಿ ಎಂದು ಈ ಚಿತ್ರ ಹೇಳಿತು.

ಎರಡನೆಯದು 'ಸೌದಾಗರ್'. ನನ್ನ ಮಟ್ಟಿಗೆ ಇದು ರಾಜಶ್ರೀಯ ಅತ್ಯಂತ ದಿಟ್ಟ ಚಿತ್ರ. ಮೋತಿ (ಅಮಿತಾಭ್ ಬಚ್ಚನ್) ಈಚಲು ಮರದಿಂದ ರಸ ಇಳಿಸಿ ಬೆಲ್ಲ ಮಾರುವವನು. ಬೆಲ್ಲ ಕಾಯಿಸುವವಳು ವಿಧವೆ ಮಜೂಬೀ (ನೂತನ್), ಆಕೆಯ ಕೈಗುಣಕ್ಕೆ ಸಂತೆಯಲ್ಲಿ ಹೆಸರು. ಮೋತಿಗೆ ಬೇಕಾದವಳು ಚೆಲುವೆ ಫೂಲ್‌ಬಾನೋ. ಅವಳನ್ನು ಮದುವೆಯಾಗಲು ಮೆಹರ್‌ನ ಹಣ ಬೇಕು. ಅವನು ಒಂದು ಲೆಕ್ಕ ಹಾಕುತ್ತಾನೆ: ಮಜೂಬೀಯನ್ನೇ ಮದುವೆಯಾದರೆ ಕೂಲಿ ಕೊಡಬೇಕಾಗಿಲ್ಲ. ಹಾಗೇ ಮಾಡುತ್ತಾನೆ. ಹಂಗಾಮು ಮುಗಿದು ಹಣ ಕೂಡಿದ ಮೇಲೆ ಆಕೆಗೆ ತಲಾಖ್ ಕೊಟ್ಟು ಫೂಲ್‌ಬಾನೋಳನ್ನು ತರುತ್ತಾನೆ. ಮುಂದಿನ ಹಂಗಾಮಿನಲ್ಲಿ ಹೊಸ ಹೆಂಡತಿ ಕಾಯಿಸಿದ ಬೆಲ್ಲ ಹದ ತಪ್ಪುತ್ತದೆ, ಗಿರಾಕಿಗಳು ದೂರವಾಗುತ್ತಾರೆ. ಕೊನೆಗೆ ಅವನು ರಸದ ಮಡಕೆ ಹೊತ್ತು, ಬೇರೊಬ್ಬನ ಹೆಂಡತಿಯಾಗಿರುವ ಮಜೂಬೀಯ ಅಂಗಳಕ್ಕೆ ಬಂದು ನಿಲ್ಲುತ್ತಾನೆ.

ಹೆಂಡತಿಯ ದುಡಿಮೆಗೆ ಕೂಲಿಯಿಲ್ಲ ಎಂಬ ಸಾಮಾನ್ಯ ಸತ್ಯವನ್ನು ಇಷ್ಟು ನೇರವಾಗಿ, ಒಂದು ಭಾಷಣವೂ ಇಲ್ಲದೆ ಹೇಳಿದ ಜನಪ್ರಿಯ ಹಿಂದಿ ಚಿತ್ರ ಇನ್ನೊಂದು ನನಗೆ ಸುಲಭವಾಗಿ ನೆನಪಾಗುವುದಿಲ್ಲ. ಅಮಿತಾಭ್ 'ಜಂಜೀರ್'ನಲ್ಲಿ ಸಿಟ್ಟಿನ ಯುವಕನಾಗಿ ಕಾಣಿಸಿಕೊಂಡದ್ದೂ ಇದೇ 1973ರಲ್ಲಿ. ಆ ಅಮಿತಾಭ್ ಮುಂದಿನ ಹತ್ತು ವರ್ಷ ಚಿತ್ರರಂಗವನ್ನು ಆಳಿದರು. ಸಣ್ಣತನ, ಆಸೆ, ನಾಚಿಕೆ ಮೂರೂ ಒಂದೇ ಮುಖದಲ್ಲಿ ಕಾಣುವ ಈ ಅಮಿತಾಭ್ ಮತ್ತೆ ಅಷ್ಟಾಗಿ ಸಿಗಲಿಲ್ಲ. ವ್ಯಾಪಾರಿಯ ಕುಟುಂಬದಿಂದ ಬಂದ, ವ್ಯಾಪಾರಿಯಾಗಿಯೇ ಬದುಕಿದ ಒಬ್ಬ ನಿರ್ಮಾಪಕ ಸಂಬಂಧವನ್ನು ವ್ಯಾಪಾರವಾಗಿಸಿಕೊಂಡ ವ್ಯಾಪಾರಿಯ ಕಥೆಯನ್ನು ಆರಿಸಿದ್ದು ನನಗೆ ಇಂದಿಗೂ ಕುತೂಹಲ ಹುಟ್ಟಿಸುತ್ತದೆ.

ಇಷ್ಟು ಹೇಳಿದ ಮೇಲೆ ನನ್ನ ತಕರಾರನ್ನೂ ಹೇಳಬೇಕು. ರಾಜಶ್ರೀ ಚಿತ್ರಗಳು ಕುಟುಂಬದ ಬೆಲೆಯನ್ನು ಕಾಣುತ್ತವೆ, ಅದನ್ನು ತೆರುವವಳು ಹೆಣ್ಣು ಎಂಬುದನ್ನೂ ಕಾಣುತ್ತವೆ. ಆದರೆ ಕಂಡ ಮೇಲೆ ಹೆಚ್ಚಿನ ಸಲ ಆಕೆಗೆ ಒಂದು ನಮಸ್ಕಾರ ಹಾಕಿ ಕಥೆ ಮುಗಿಸುತ್ತವೆ. 'ತಪಸ್ಯಾ'ದಲ್ಲಿ (1976) ರಾಖೀ ಪಾತ್ರ ತಮ್ಮ ತಂಗಿಯರನ್ನು ಸಾಕಲು ತನ್ನ ಮದುವೆಯನ್ನೇ ಮುಂದೂಡುತ್ತದೆ. ಬೆಳೆದು ದೊಡ್ಡವರಾದ ಅವರ ಕೃತಘ್ನತೆಯನ್ನು ಚಿತ್ರ ಚೆನ್ನಾಗಿಯೇ ತೋರಿಸುತ್ತದೆ. ಆದರೆ ಶೀರ್ಷಿಕೆಯೇ ಆಕೆಯ ನಷ್ಟಕ್ಕೆ ತಪಸ್ಸು ಎಂಬ ಗೌರವದ ಹೆಸರಿಟ್ಟುಬಿಟ್ಟಿದೆ. 'ಪಿಯಾ ಕಾ ಘರ್'ನಲ್ಲೂ ಕೊನೆಗೆ ಕೋಣೆಯ ಸಮಸ್ಯೆ ಬಗೆಹರಿಯುವುದಿಲ್ಲ. ಮನೆಯವರ ಪ್ರೀತಿ ಕಂಡು ಮಾಲತಿಯ ಮನಸ್ಸು ಬದಲಾಗುತ್ತದೆ, ಅಷ್ಟೇ. ಗೋಡೆ ಇದ್ದಲ್ಲೇ ಇರುತ್ತದೆ, ಹೊಂದಿಕೊಳ್ಳಬೇಕಾದವಳು ಸೊಸೆ. ಇಡೀ ಮನೆಯವರು ಒಟ್ಟಿಗೆ ಕೂತು ನೋಡಬೇಕು ಎಂಬ ವಿತರಕನ ನಿಯಮಕ್ಕೆ ಒಂದು ಮಿತಿಯಿದೆ. ಅತ್ತೆ ಸೊಸೆ ಇಬ್ಬರೂ ಪಕ್ಕಪಕ್ಕದಲ್ಲಿ ಕೂತು ನೋಡುವ ಚಿತ್ರದಲ್ಲಿ ಸೊಸೆ ಮನೆ ಬಿಟ್ಟು ಹೊರಡುವುದು ಕಷ್ಟ. 'ಸೌದಾಗರ್'ನ ಮಜೂಬೀ ಈ ಮಿತಿಯನ್ನು ಸ್ವಲ್ಪ ದಾಟುತ್ತಾಳೆ. ಕೈಬಿಟ್ಟ ಗಂಡನ ನೆನಪಿನಲ್ಲಿ ಸವೆಯದೆ ಇನ್ನೊಬ್ಬನೊಡನೆ ಹೊಸ ಬದುಕು ಕಟ್ಟಿಕೊಂಡಿರುತ್ತಾಳೆ. ಆ ಕಾರಣಕ್ಕೂ ಅದು ನನಗೆ ಮೇಲಿನ ಚಿತ್ರ.

ಹಾಡುಗಳ ವಿಷಯಕ್ಕೆ ಬಂದರೆ ಹೆಚ್ಚು ಹೇಳಬೇಕಾಗಿಲ್ಲ, ಕೇಳಿದವರಿಗೆ ಗೊತ್ತಿದೆ. ಹುಟ್ಟು ಕುರುಡರಾಗಿದ್ದ ರವೀಂದ್ರ ಜೈನ್ ಅವರ ಸಂಗೀತ 'ಸೌದಾಗರ್', 'ಗೀತ್ ಗಾತಾ ಚಲ್', 'ಚಿತ್‌ಚೋರ್', 'ಅಖಿಯೋಂ ಕೇ ಝರೋಖೋಂ ಸೇ', 'ನದಿಯಾ ಕೇ ಪಾರ್' ಎಲ್ಲದರಲ್ಲೂ ಹರಿದಿದೆ. ಕನ್ನಡಿಗರಿಗೂ ಆಪ್ತರಾದ ಯೇಸುದಾಸ್ 'ಚಿತ್‌ಚೋರ್'ನ ಹಾಡಿಗೆ ರಾಷ್ಟ್ರಪ್ರಶಸ್ತಿ ಪಡೆದರು. 1975 'ದೀವಾರ್' ಮತ್ತು 'ಶೋಲೆ'ಯ ವರ್ಷ. ಅದೇ ವರ್ಷ ಬಂದೂಕಿಲ್ಲದ, ಹಳ್ಳಿಯ ದಾರಿಯಲ್ಲಿ ಹಾಡುತ್ತ ಹೋಗುವ ಹುಡುಗನ 'ಗೀತ್ ಗಾತಾ ಚಲ್' ಕೂಡ ಬಂದಿತು. ಆ ಕಾಲದ ಸಿಟ್ಟನ್ನು ಈ ಚಿತ್ರಗಳು ಬೇಕೆಂದೇ ಹೊರಗಿಟ್ಟವು ಎಂದು ಆಕ್ಷೇಪಿಸಬಹುದು. ಆಕ್ಷೇಪ ನ್ಯಾಯವೇ. ಆದರೆ ರಾಜಶ್ರೀಯೇ 1984ರಲ್ಲಿ ಅದಕ್ಕೊಂದು ಉತ್ತರ ಕೊಟ್ಟಿತು.

'ಸಾರಾಂಶ್'ನ ನಿವೃತ್ತ ಶಿಕ್ಷಕ ಬಿ.ವಿ. ಪ್ರಧಾನ್ ನ್ಯೂಯಾರ್ಕಿನಲ್ಲಿ ಕೊಲೆಯಾದ ಮಗನ ಚಿತಾಭಸ್ಮವನ್ನು ಪಡೆಯಲು ಸರ್ಕಾರಿ ಕಚೇರಿಯಲ್ಲಿ ಅಲೆಯುತ್ತಾನೆ. ಮನೆಯಲ್ಲಿ ಪೇಯಿಂಗ್ ಗೆಸ್ಟ್ ಆಗಿರುವ ಹುಡುಗಿ ರಾಜಕಾರಣಿಯೊಬ್ಬನ ಮಗನಿಂದ ಬಸಿರಾಗಿದ್ದಾಳೆ. ಬಸಿರನ್ನು ತೆಗೆಸಲು ಗೂಂಡಾಗಳ ಒತ್ತಡ ಬರುತ್ತದೆ. ಮುದುಕ ಎದುರು ನಿಲ್ಲುತ್ತಾನೆ. ಮಹೇಶ್ ಭಟ್ ನಿರ್ದೇಶನದ ಈ ಚಿತ್ರದಲ್ಲಿ ಮುದುಕನ ಪಾತ್ರ ಮಾಡಿದ ಅನುಪಮ್ ಖೇರ್ ಅವರಿಗೆ ಆಗ ಮೂವತ್ತೂ ತುಂಬಿರಲಿಲ್ಲ. ಒಂದು ಹಂತದಲ್ಲಿ ತಮ್ಮ ಬದಲು ಸಂಜೀವ್ ಕುಮಾರ್ ಅವರನ್ನು ಹಾಕಿಕೊಳ್ಳುವ ಯೋಚನೆ ಸಂಸ್ಥೆಗಿತ್ತು ಎಂದು ಖೇರ್ ಹಲವು ಬಾರಿ ಹೇಳಿಕೊಂಡಿದ್ದಾರೆ. ಕೊನೆಗೆ ಹೊಸಬನಿಗೇ ಪಾತ್ರ ಉಳಿಯಿತು. 'ಉಪಹಾರ್', 'ಸೌದಾಗರ್' ಚಿತ್ರಗಳಂತೆ 'ಸಾರಾಂಶ್' ಕೂಡ ಆಸ್ಕರ್‌ಗೆ ಭಾರತದ ಪ್ರವೇಶವಾಗಿ ಹೋಯಿತು. ಮಗನನ್ನು ಕಳೆದುಕೊಂಡ ಇಬ್ಬರು ಮುದುಕರು ಮತ್ತು ಮದುವೆಯಾಗದೆ ತಾಯಿಯಾಗುತ್ತಿರುವ ಹುಡುಗಿ ಸೇರಿ ಒಂದು ಮನೆ ಎನ್ನುವುದಾದರೆ, ಅದು 'ದೋಸ್ತಿ'ಯ ಹುಡುಗರು ಬೀದಿಯಲ್ಲಿ ಕಟ್ಟಿಕೊಂಡ ಮನೆಯ ಮುಂದುವರಿಕೆಯೇ.

ಆದರೆ ಕಾಲ ಬದಲಾಗುತ್ತಿತ್ತು. ವಿಡಿಯೋ ಕ್ಯಾಸೆಟ್ಟು ಮನೆಮನೆಗೆ ಬಂದು, ಸಂಸಾರಸ್ಥರು ಟಾಕೀಸಿಗೆ ಹೋಗುವುದು ಕಡಿಮೆಯಾಯಿತು. ರಾಜಶ್ರೀಗೆ ಕಷ್ಟದ ದಿನಗಳು ಬಂದವು. ಅದನ್ನು ಮೇಲೆತ್ತಿದ್ದು ತಾರಾಚಂದ್ ಅವರ ಮೊಮ್ಮಗ ಸೂರಜ್ ನಿರ್ದೇಶಿಸಿ 1989ರ ಡಿಸೆಂಬರ್ ಕೊನೆಗೆ ಬಂದ 'ಮೈನೇ ಪ್ಯಾರ್ ಕಿಯಾ'. ಶ್ರೀಮಂತರ ಮನೆ, ಪಾರಿವಾಳ, ಸಲ್ಮಾನ್ ಖಾನ್‌ಗೆ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರ ಕಂಠ ಎಲ್ಲರಿಗೂ ನೆನಪಿದೆ. ನನ್ನ ಗಮನ ಇರುವುದು ಒಂದು ಷರತ್ತಿನ ಮೇಲೆ. ಹುಡುಗಿಯ ತಂದೆ ಶ್ರೀಮಂತ ಹುಡುಗನಿಗೆ ಹೇಳುತ್ತಾನೆ: ನಿನ್ನ ಬೆವರಿನಿಂದ ಎರಡು ಸಾವಿರ ರೂಪಾಯಿ ದುಡಿದು ತಾ. ಹುಡುಗ ಲಾರಿ ಓಡಿಸುತ್ತಾನೆ, ಕಲ್ಲು ಹೊರುತ್ತಾನೆ. ಪ್ರೇಮಕ್ಕೆ ನಿಗದಿಯಾದ ಈ ಎರಡು ಸಾವಿರದಲ್ಲಿ ಹಳೆಯ ರಾಜಶ್ರೀ ಕೊನೆಯ ಬಾರಿ ಕಾಣಿಸುತ್ತದೆ. ಇಲ್ಲಿ ದುಡ್ಡಿಗೆ ಇನ್ನೂ ತೂಕವಿದೆ, ಅದು ಯಾರದೋ ಮೈ ದಣಿದು ಬಂದದ್ದು.

ತಾರಾಚಂದ್ 1992ರಲ್ಲಿ ತೀರಿಕೊಂಡರು. 1994ರ 'ಹಮ್ ಆಪ್ಕೆ ಹೈ ಕೌನ್' ಅವರ ಮಕ್ಕಳ ಕಾಲದ ಚಿತ್ರ. ಅದು 'ನದಿಯಾ ಕೇ ಪಾರ್'ನ ಮರುರೂಪ ಎಂಬುದು ಗೊತ್ತಿರುವ ವಿಷಯವೇ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡುವುದು ವಿಮರ್ಶೆಗೆ ಸಿಗುವ ಅಪರೂಪದ ಅವಕಾಶ. ಅದೇ ಸಂಸ್ಥೆ, ಅದೇ ಕಥೆ, ನಡುವೆ ಹನ್ನೆರಡು ವರ್ಷ.

'ನದಿಯಾ ಕೇ ಪಾರ್' ಪೂರ್ವ ಉತ್ತರಪ್ರದೇಶದ ಹಳ್ಳಿಯದು. ದೋಣಿ, ಎತ್ತಿನ ಗಾಡಿ, ಅಲ್ಲಿಯ ಆಡುಮಾತು. ಕಾಯಿಲೆ ಬಿದ್ದ ಚಿಕ್ಕಪ್ಪನನ್ನು ಹೊಳೆಯಾಚೆಯ ವೈದ್ಯರು ಗುಣಪಡಿಸುತ್ತಾರೆ. ಫೀಸು ಎಷ್ಟು ಎಂದು ಕೇಳಿದಾಗ ತಮ್ಮ ದೊಡ್ಡ ಮಗಳಿಗೆ ಈ ಮನೆಯ ದೊಡ್ಡ ಹುಡುಗನನ್ನು ಕೇಳುತ್ತಾರೆ. ಒಂದು ಋಣ ಇನ್ನೊಂದು ಸಂಬಂಧವಾಗುವ ಈ ಬಗೆ ಹಳ್ಳಿಯ ಬದುಕಿನ ಒಳಗಿನದು. ಅಕ್ಕ ಸತ್ತ ಮೇಲೆ ಮಗುವಿಗಾಗಿ ತಂಗಿ ಗುಂಜಾಳನ್ನು ಭಾವನಿಗೆ ಕೊಡಲು ಹಿರಿಯರು ನಿರ್ಧರಿಸಿದಾಗ ಅದು ಕ್ರೂರವಾಗಿ ಕಾಣುವುದಿಲ್ಲ, ಆದರೆ ಯಾಕೆ ಹಾಗಾಗುತ್ತದೆ ಎಂದು ಅರ್ಥವಾಗುತ್ತದೆ. ಆ ಮನೆಯಲ್ಲಿ ಅಡುಗೆಗೆ, ಕೂಸಿಗೆ ಹೆಂಗಸಿನ ಎರಡು ಕೈ ಬೇಕು.

'ಹಮ್ ಆಪ್ಕೆ ಹೈ ಕೌನ್'ನಲ್ಲಿ ಹೊಳೆ ಮಾಯವಾಗಿದೆ. ವೈದ್ಯರ ಜಾಗದಲ್ಲಿ ಪ್ರೊಫೆಸರು, ರೈತನ ಮನೆಯ ಜಾಗದಲ್ಲಿ ಉದ್ಯಮಿಯ ಬಂಗಲೆ. ಫೀಸಿನ ಮಾತಿಲ್ಲ, ಹುಡುಗರ ಚಿಕ್ಕಪ್ಪ ಮತ್ತು ಹುಡುಗಿಯರ ಅಪ್ಪ ಹಳೆಯ ಗೆಳೆಯರು. ಆಳುಗಳಿದ್ದಾರೆ, ಅವರೂ ಮನೆಯವರೇ ಎಂದು ಚಿತ್ರ ಮತ್ತೆ ಮತ್ತೆ ಹೇಳುತ್ತದೆ. ಹಾಗಿದ್ದ ಮೇಲೆ ಸತ್ತವಳ ತಂಗಿಯೇ ಭಾವನನ್ನು ಯಾಕೆ ಮದುವೆಯಾಗಬೇಕು? ಕೂಸನ್ನು ನೋಡಿಕೊಳ್ಳಲು ಆ ಮನೆಯಲ್ಲಿ ಜನಕ್ಕೇನು ಬರವೇ? ಹಳೆಯ ಕಥೆಯಲ್ಲಿ ಅಗತ್ಯವಾಗಿದ್ದುದು ಇಲ್ಲಿ ಸಂಪ್ರದಾಯ ಮಾತ್ರ. ಅದಕ್ಕೇ ಬಿಕ್ಕಟ್ಟು ಬಿಡಿಸಲು ಒಂದು ನಾಯಿ ಚೀಟಿ ಹೊತ್ತು ತರಬೇಕಾಗುತ್ತದೆ. 'ಸಾರಾಂಶ್'ನಲ್ಲಿ ಮಗನ ಬೂದಿಗಾಗಿ ಗೋಗರೆದ ಅನುಪಮ್ ಖೇರ್ ಇಲ್ಲಿ ತಮಾಷೆಯ ಬೀಗರು.

ಈ ಚಿತ್ರದ ಶಕ್ತಿಯನ್ನು ನಾನು ಅಲ್ಲಗಳೆಯುತ್ತಿಲ್ಲ. ಮಾಧುರಿ ದೀಕ್ಷಿತ್ (ಆಕೆಯ ಮೊದಲ ಚಿತ್ರ 'ಅಬೋಧ್' ಕೂಡ ರಾಜಶ್ರೀಯದೇ) ಒಂದು ನೋಟದಲ್ಲಿ ಇಡೀ ದೃಶ್ಯ ಎತ್ತಿಬಿಡುತ್ತಾರೆ. ವಿತರಣೆಯಲ್ಲೂ ಅಜ್ಜನ ಬುದ್ಧಿವಂತಿಕೆ ಮುಂದುವರಿಯಿತು: ಮೊದಲು ಕೆಲವೇ ಒಳ್ಳೆಯ ಟಾಕೀಸುಗಳಲ್ಲಿ ಬಿಡುಗಡೆ, ಹೆಚ್ಚಿನ ಟಿಕೆಟ್ ದರ, ಕ್ಯಾಸೆಟ್ಟಿಗೆ ಹಕ್ಕು ಕೊಡದೆ ತಡೆದದ್ದು. ಮನೆಯಲ್ಲಿ ಕೂತಿದ್ದ ಸಂಸಾರಗಳು ಮತ್ತೆ ಟಾಕೀಸಿಗೆ ಬಂದವು. ಸಮಾಜಶಾಸ್ತ್ರಜ್ಞೆ ಪೆಟ್ರೀಷಿಯಾ ಉಬೆರಾಯ್ ಆ ಪ್ರೇಕ್ಷಕರನ್ನು ಮಾತಾಡಿಸಿ ಬರೆದ ಪ್ರಬಂಧ ಪ್ರಸಿದ್ಧ. ಅಶ್ಲೀಲವಿಲ್ಲದ ಚಿತ್ರ, ಆದರ್ಶ ಕುಟುಂಬದ ಚಿತ್ರ ಎಂಬ ಎರಡು ಅರ್ಥದಲ್ಲೂ ಜನ ಇದನ್ನು 'ಫ್ಯಾಮಿಲಿ ಸಿನಿಮಾ' ಎಂದು ಮೆಚ್ಚಿಕೊಂಡಿದ್ದರು. ನನಗೆ ತೊಡಕಾಗಿ ಕಾಣುವುದು ಈ ಎರಡು ಅರ್ಥಗಳು ಬೆರೆತುಹೋದದ್ದೇ. ತಾರಾಚಂದ್ ಅವರ ಚಿತ್ರಗಳು ಕುಟುಂಬ ಒಟ್ಟಿಗೆ ಕೂತು ನೋಡಲು ಆಗುವಂಥವು, ಆದರೆ ಆದರ್ಶ ಕುಟುಂಬವನ್ನು ತೋರಿಸಬೇಕೆಂಬ ಹಟ ಅವಕ್ಕಿರಲಿಲ್ಲ. 'ಸೌದಾಗರ್' ಕೂಡ ಮಕ್ಕಳ ಜೊತೆ ಕೂತು ನೋಡಬಹುದಾದ ಚಿತ್ರವೇ.

ಇನ್ನೊಂದು ಜೋಡಿಯೂ ಇದನ್ನೇ ಹೇಳುತ್ತದೆ. 'ಚಿತ್‌ಚೋರ್'ನಲ್ಲಿ ಸಣ್ಣ ಊರಿನ ಹೆಡ್‌ಮೇಷ್ಟ್ರ ಮನೆಯವರು ಓವರ್‌ಸಿಯರ್ ಒಬ್ಬನನ್ನು ಇಂಜಿನಿಯರ್ ಎಂದು ತಪ್ಪು ತಿಳಿದು ಉಪಚರಿಸುತ್ತಾರೆ. ನಿಜವಾದ ಇಂಜಿನಿಯರ್ ಬಂದಾಗ ತಾಯಿಯ ಮುಖಭಾವ ಬದಲಾಗುತ್ತದೆ. ಎರಡು ಹುದ್ದೆಗಳ ನಡುವಿನ ಸಂಬಳದ ಅಂತರವೇ ಇಡೀ ಕಥೆ. ಅದೇ ಎಳೆಯಿಂದ 2003ರಲ್ಲಿ ಸೂರಜ್ 'ಮೈ ಪ್ರೇಮ್ ಕೀ ದೀವಾನೀ ಹೂಂ' ಮಾಡಿದರು. ದೊಡ್ಡ ತಾರೆಗಳು, ದೊಡ್ಡ ಸಂಭ್ರಮ, ಕಿವಿಗಡಚಿಕ್ಕುವ ಉತ್ಸಾಹ. ಉಳಿದದ್ದು ಹೆಸರಿನ ಗೊಂದಲ, ಹೋದದ್ದು ತಾಯಿಯ ಆ ಮುಖಭಾವ.

ಕುಟುಂಬವೊಂದು ತಲೆಮಾರುಗಳ ಕಾಲ ನಡೆಸುವ ಸಂಸ್ಥೆ ಕುಟುಂಬದ ಬಗ್ಗೆ ಕಥೆ ಹೇಳುವಾಗ ತನ್ನ ಬಗ್ಗೆಯೂ ಏನನ್ನೋ ಹೇಳುತ್ತಿರುತ್ತದೆ. ಸಂಬಳವಿಲ್ಲದೆ ದುಡಿದು ಮೇಲೆ ಬಂದ ತಾತನಿಗೆ ಬಾಡಿಗೆ, ಕೂಲಿ, ಫೀಸು ಎಲ್ಲ ಗೊತ್ತಿದ್ದ ಸಂಗತಿಗಳು. ಮುಂದಿನವರಿಗೆ ಅವರು ಒಳ್ಳೆಯ ಹೆಸರನ್ನೂ ಗಟ್ಟಿಯಾದ ವ್ಯಾಪಾರವನ್ನೂ ಬಿಟ್ಟುಹೋದರು, ಆದರೆ ಆ ತಿಳಿವಳಿಕೆಯನ್ನು ಆಸ್ತಿಯ ಹಾಗೆ ಬರೆದುಕೊಡಲು ಬರುವುದಿಲ್ಲ. ಇವತ್ತು 'ಸಂಸ್ಕಾರವಂತ' ಚಿತ್ರಗಳ ಪರವಾಗಿ ಮಾತಾಡುವವರು ರಾಜಶ್ರೀಯ ಹೆಸರನ್ನು ಮುಂದಿಡುತ್ತಾರೆ, ಆ ಚಿತ್ರಗಳನ್ನು ಜರೆಯುವವರೂ ಅದೇ ಹೆಸರು ಹಿಡಿದು ಜರೆಯುತ್ತಾರೆ. ಇಬ್ಬರಿಗೂ ನಾನು ಸೂಚಿಸುವುದು ಒಂದೇ. 'ಹಮ್ ಆಪ್ಕೆ ಹೈ ಕೌನ್' ಪಕ್ಕಕ್ಕಿಟ್ಟು 'ಪಿಯಾ ಕಾ ಘರ್', 'ಸೌದಾಗರ್', 'ಸಾರಾಂಶ್' ಮೂರನ್ನೂ ಇದೇ ಕ್ರಮದಲ್ಲಿ ನೋಡಿ. ಅಡುಗೆಮನೆಯಲ್ಲಿ ಮಲಗುವ ಹೊಸ ದಂಪತಿ, ಕೂಲಿಯಿಲ್ಲದೆ ಬೆಲ್ಲ ಕಾಯಿಸುವ ಹೆಂಡತಿ, ಬೇರೆಯವರ ಮಗುವಿಗಾಗಿ ಬಾಗಿಲಲ್ಲಿ ನಿಲ್ಲುವ ಮುದುಕ. ಕುಟುಂಬದ ಬಗ್ಗೆ ಪ್ರೀತಿಯಿಟ್ಟುಕೊಂಡೇ ಅದರ ಲೆಕ್ಕ ಕೇಳಬಹುದು ಎಂದು ಈ ಮೂರು ಚಿತ್ರಗಳು ತೋರಿಸಿದ್ದವು. ನಾವು ಈಗ ಕುಟುಂಬದ ಚಿತ್ರ ಎಂದು ಯಾವುದನ್ನು ಕರೆಯಬೇಕು ಎಂಬ ಚರ್ಚೆ ಅಲ್ಲಿಂದ ಶುರುವಾಗಲಿ.